ಆಲೆಮನೆಯ ಹಬೆ, ಕಾಗದದ ಬಿಳಿ

ಕೆಲವು ಹಂಗಾಮುಗಳಿಂದ ನಾನು ಮಂಡ್ಯದ ಸುತ್ತಲಿನ ಆಲೆಮನೆಗಳಲ್ಲಿ ಹಬೆಯ ಚಿತ್ರಗಳನ್ನು ತೆಗೆಯುತ್ತಿದ್ದೇನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಏಳುವ ಹಬೆ, ಅದರೊಳಗೆ ಅರ್ಧ ಕಂಡು ಅರ್ಧ ಮರೆಯಾಗುವ ಮನುಷ್ಯರು, ತಗಡಿನ ಮಾಡಿನ ಸಂದಿಯಿಂದ ಇಳಿಯುವ ಬೆಳಕು: ಸರಣಿಯಲ್ಲಿ ಇರುವುದು ಇಷ್ಟೇ. ಈ ಚಿತ್ರಗಳನ್ನು ಕಾಗದಕ್ಕೆ ಇಳಿಸಲು ಇಂಕ್‌ಜೆಟ್ ಮುದ್ರಣವನ್ನು ಬಿಟ್ಟು, 1842ರಲ್ಲಿ ವಿಜ್ಞಾನಿ ಜಾನ್ ಹರ್ಷಲ್ ಕಂಡುಹಿಡಿದ, ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನವನ್ನು ಹಿಡಿದಿದ್ದೇನೆ. ಚಿತ್ರಗಳನ್ನು ನೋಡಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಈ ಯೋಚನೆ ಎಲ್ಲಿಂದ ಬಂತು? ಮಾಡುವುದು ಹೇಗೆ? ಎರಡಕ್ಕೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಅವು ಬೇರೆ ಬೇರೆ ಪ್ರಶ್ನೆಗಳಲ್ಲ, ಏಕೆಂದರೆ ಯೋಚನೆ ಹುಟ್ಟಿದ್ದೇ ಕಾಗದದಿಂದ.

ಮೈಸೂರಿನ ಜಗನ್ಮೋಹನ ಅರಮನೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ್ದು. 1915ರಿಂದ ಅದು ಚಿತ್ರಶಾಲೆ. ನಮ್ಮ ಕಡೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಒಮ್ಮೆಯಾದರೂ ಅಲ್ಲಿಗೆ ಹೋಗಿರುತ್ತಾರೆ, ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಅದಕ್ಕೆ ಮರೆಯಾಗಿ ಒಡ್ಡಿದ ಹೆಣ್ಣಿನ ಚಿತ್ರದ ಮುಂದೆ ನಿಂತಿರುತ್ತಾರೆ. ಅದನ್ನು ಬರೆದವರು ರಾಜಾ ರವಿವರ್ಮ ಎಂದು ಇಂದಿಗೂ ಅನೇಕರು ನಂಬಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲದಣಕರ್, 1945–46ರ ಹೊತ್ತಿನಲ್ಲಿ. ದೀಪ ಹಿಡಿದು ನಿಂತವರು ಅವರ ಮಗಳು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಹಲದಣಕರರ ಹೆಸರನ್ನು ಪ್ರತಿ ಬಾರಿಯೂ ಎತ್ತಿ ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಇಷ್ಟು ಜನ ಇಷ್ಟು ಪ್ರೀತಿಯಿಂದ ನೋಡುವ ಚಿತ್ರದ ಕರ್ತೃವಿಗೆ ಅಷ್ಟಾದರೂ ಸಲ್ಲಬೇಕು.

ದೊಡ್ಡವನಾಗಿ, ಕ್ಯಾಮೆರಾ ಕೆಲಸವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ ಮೇಲೆ ಮತ್ತೆ ಹೋಗಿ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ: ಅದು ಜಲವರ್ಣ. ತೈಲವರ್ಣದವರು ಬೆಳಕು ಬೇಕಾದ ಕಡೆ ಬಿಳಿಯನ್ನು ಬಳಿಯಬಹುದು. ಜಲವರ್ಣದಲ್ಲಿ ಹಾಗಲ್ಲ. ಅಲ್ಲಿ ಬಣ್ಣ ತೆಳು, ಬೆಳಕು ಬೇಕಾದ ಕಡೆ ಕಾಗದದ ಬಿಳಿಯನ್ನೇ ಮುಟ್ಟದೆ ಉಳಿಸಿಕೊಳ್ಳುವುದು ವಾಡಿಕೆ. ಎಲ್ಲಿ ಕುಂಚ ಹೋಗಬಾರದು ಎನ್ನುವುದನ್ನು ಕಲಾವಿದ ಮೊದಲೇ ತೀರ್ಮಾನಿಸಿರಬೇಕು. ಒಮ್ಮೆ ಬಣ್ಣ ಹತ್ತಿದರೆ ಆ ಬಿಳಿ ಹೋಯಿತು. ದೀಪದ ಬೆಳಕು ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಸೋಸಿ, ಮುಖಕ್ಕೆ ಬಂದು, ಸೆರಗಿನ ಮಡಿಕೆಗಳಲ್ಲಿ ಇಳಿಯುತ್ತಾ ಹೋಗುವುದನ್ನು ನೋಡುತ್ತಾ ನಿಂತಾಗ, ಕತ್ತಲನ್ನು ಇಷ್ಟಿಷ್ಟೇ ಹಚ್ಚಿ ಬೆಳಕಿಗೆ ಜಾಗ ಬಿಟ್ಟುಕೊಟ್ಟಿದ್ದಾರೆ ಎಂದು ಕಂಡಿತು. ನನ್ನ ಈಗಿನ ಕೆಲಸವೆಲ್ಲ ನಿಂತಿರುವುದು ಈ ಕಾಣುವಿಕೆಯ ಮೇಲೆ.

ಕೆ. ವೆಂಕಟಪ್ಪನವರ ಭೂದೃಶ್ಯಗಳಿಂದ ಕಲಿತದ್ದು ಇದರ ಮುಂದಿನ ಪಾಠ. ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಮತ್ತೆ ನಾಡಿಗೆ ಮರಳಿದವರು ಅವರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತವರು. ಊಟಿ, ಕೊಡೈಕಾನಲ್‌ಗಳ ಅವರ ಜಲವರ್ಣ ಚಿತ್ರಗಳು ಬೆಂಗಳೂರಿನಲ್ಲಿ ಅವರ ಹೆಸರಿನದೇ ಚಿತ್ರಶಾಲೆಯಲ್ಲಿವೆ. ಆ ಚಿತ್ರಗಳಲ್ಲಿ ಮಂಜು ಬೆಟ್ಟವನ್ನು ಮುಚ್ಚುವುದಿಲ್ಲ. ಹತ್ತಿರದ ಮರ ಕಪ್ಪು, ಅದರ ಹಿಂದಿನದು ಬೂದು, ಅದರ ಹಿಂದಿನ ದಿಬ್ಬ ಇನ್ನೂ ತೆಳು, ಕೊನೆಗೆ ಬರಿಯ ಆಕಾಶ: ಒಂದೊಂದು ಪದರಕ್ಕೂ ಎಷ್ಟು ದೂರವೆಂದು ಮಂಜೇ ಹೇಳುತ್ತದೆ. ಛಾಯಾಗ್ರಾಹಕರು ದೂರವನ್ನು ತೋರಿಸಲು ಲೆನ್ಸಿನ ಮಸುಕನ್ನು ನೆಚ್ಚಿಕೊಳ್ಳುತ್ತೇವೆ. ವೆಂಕಟಪ್ಪನವರನ್ನು ನೋಡಿದ ಮೇಲೆ ನಾನು ಗಾಳಿಯಲ್ಲಿ ಏನಿದೆ ಎಂದು ಹುಡುಕತೊಡಗಿದೆ.

ಮೂರನೆಯವರು ಛಾಯಾಗ್ರಾಹಕರೇ: ಮೈಸೂರಿನ ಟಿ.ಎಸ್. ಸತ್ಯನ್ (1923–2009). ಅವರು ಪತ್ರಿಕಾ ಛಾಯಾಗ್ರಾಹಕರು, ನನ್ನ ಕೆಲಸ ಬೇರೆ ಜಾತಿಯದು. ಆದರೂ ಅವರಿಂದ ತೆಗೆದುಕೊಂಡದ್ದು ಇದೆ. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಬಡವರಿದ್ದಾರೆ, ಮಕ್ಕಳಿದ್ದಾರೆ, ರೋಗಿಗಳಿದ್ದಾರೆ. ಅವರಲ್ಲಿ ಯಾರನ್ನೂ ನೋಡುವವನು ಮೇಲಿನಿಂದ ನೋಡುವಂತೆ ಆಗುವುದಿಲ್ಲ. ಕಲಾತ್ಮಕ ಛಾಯಾಗ್ರಹಣದ ಹೆಸರಿನಲ್ಲಿ ದುಡಿಯುವವರನ್ನು ಬರಿಯ ಆಕಾರಗಳನ್ನಾಗಿ ಮಾಡಿಬಿಡುವ ಅಪಾಯ ನನ್ನಂಥವರಿಗೆ ಸದಾ ಇರುತ್ತದೆ. ಆಲೆಮನೆಗೆ ಹೋಗುವಾಗಲೆಲ್ಲ ಸತ್ಯನ್ ಅವರ ಚಿತ್ರಗಳು ನೆನಪಿನಲ್ಲಿರಬೇಕು ಎಂದುಕೊಂಡೇ ಹೋಗುತ್ತೇನೆ.

ಹಾಗೆ ಗಾಳಿಯಲ್ಲಿ ಏನಿದೆ ಎಂದು ಹುಡುಕುವವನಿಗೆ ಮಂಡ್ಯ ಬೇಕಾದಷ್ಟು ಕೊಡುತ್ತದೆ. ಮಾರ್ಗಶಿರ, ಪುಷ್ಯದ ಬೆಳಗುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಮೇಲೆ, ಗದ್ದೆಯ ಬಯಲಿನ ಮೇಲೆ ಮಂಜು ಕೂರುತ್ತದೆ. ಅದೇ ಕಾಲಕ್ಕೆ ಕಬ್ಬು ಸೂಲಂಗಿ, ಅಂದರೆ ಹೂವಿನ ಗರಿ, ಒಡೆದಿರುತ್ತದೆ. ಬಿಸಿಲು ಹಿಂದಿನಿಂದ ಬಿದ್ದರೆ ಇಡೀ ಹೊಲದ ತಲೆ ಬೆಳ್ಳಿಯಾಗುತ್ತದೆ. ನಾಲ್ಕು ಹೆಜ್ಜೆ ಆಚೆಗೆ ಆಲೆಮನೆಯ ಕೊಳವೆಯಿಂದ ಹೊಗೆ. ಆ ಹೊಗೆಯನ್ನು ತೋಪಿನ ಕತ್ತಲಿನ ಮುಂದೆ ಇಟ್ಟು ನೋಡಿದರೆ ನೀಲಿ, ಅದೇ ಹೊಗೆ ಮೇಲೇರಿ ಬೆಳಗಿನ ಆಕಾಶಕ್ಕೆ ಅಡ್ಡವಾದರೆ ಕಂದು. ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹೀಗಾಗುತ್ತದೆ. ಆಲೆಮನೆಯೊಳಗಿನ ಹಬೆಯ ಹನಿಗಳು ಅದಕ್ಕಿಂತ ದಪ್ಪ, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ; ಅದು ಯಾವಾಗಲೂ ಬಿಳಿ. ಹೀಗಾಗಿ ಹೊರಗಿನ ಮಂಜಿನಿಂದ ಶುರುವಾದ ನನ್ನ ಕೆಲಸ ನಿಧಾನವಾಗಿ ಒಳಗಿನ ಹಬೆಗೆ ಬಂದು ನಿಂತಿತು.

ಆಲೆಮನೆಯಲ್ಲಿ ಹಬೆ ಒಂದೇ ಬಗೆಯದಲ್ಲ ಎನ್ನುವುದನ್ನು ಅಲ್ಲಿ ಕೂತೇ ಕಲಿಯಬೇಕು. ಗಾಣದಿಂದ ಇಳಿದ ಹಾಲು ಸೋಸಿ ಕೊಪ್ಪರಿಗೆಗೆ ಬರುತ್ತದೆ. ಕೆಳಗೆ ನೆಲದಲ್ಲಿ ತೋಡಿದ ಒಲೆ; ಹಿಂಡಿದ ಕಬ್ಬಿನ ರಚ್ಚನ್ನೇ ಬಿಸಿಲಿಗೆ ಹರವಿ ಒಣಗಿಸಿ ಅದರ ಬಾಯಿಗೆ ತಳ್ಳುತ್ತಾ ಇರುತ್ತಾರೆ. ಹಾಲು ಕಾಯುವ ಮೊದಲ ಹೊತ್ತಿನಲ್ಲಿ ಅಂಚಿನಲ್ಲಷ್ಟೇ ಎಳೆ ಎಳೆಯಾಗಿ ಹಬೆ. ಸುಣ್ಣದ ತಿಳಿ ಹಾಕುತ್ತಾರೆ. ಹಳೆಯ ಪದ್ಧತಿಯವರಾದರೆ ಜಜ್ಜಿದ ಬೆಂಡೆ ಗಿಡದ ಲೋಳೆಯನ್ನೂ ಬಿಡುತ್ತಾರೆ. ಕಪ್ಪನೆಯ ಮಡ್ಡಿ ಮೇಲೆ ಬಂದು ದಪ್ಪ ಕೆನೆ ಕಟ್ಟುತ್ತದೆ, ಆಗ ಹಬೆ ಹೊರಗೆ ಬರಲಾಗದೆ ಅದರ ಬಿರುಕುಗಳಲ್ಲಿ ಮಾತ್ರ ಏಳುತ್ತದೆ. ಮಡ್ಡಿ ತೆಗೆದ ಕ್ಷಣದಿಂದ ಕೊಪ್ಪರಿಗೆ ಪೂರ್ತಿ ತೆರೆದುಕೊಳ್ಳುತ್ತದೆ. ಕುದಿ ಜೋರು, ನೊರೆ ಬಿಳಿ, ಹಬೆ ಮಾಡಿನ ತನಕ ಏರಿ ಅಲ್ಲಿಂದ ಹರಡಿಕೊಳ್ಳುತ್ತದೆ. ಪಾಕ ಗಟ್ಟಿಯಾಗುತ್ತಾ ಬಂದಂತೆ ಗುಳ್ಳೆಗಳು ದೊಡ್ಡದಾಗಿ ನಿಧಾನವಾಗುತ್ತವೆ, ಬಣ್ಣ ಹೊನ್ನಿಗೆ ತಿರುಗುತ್ತದೆ, ಹಬೆ ಕಡಿಮೆಯಾಗುತ್ತದೆ. ಪಾಕ ನೋಡುವವರು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳುಗಳಲ್ಲಿ ಉರುಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಸರಿ, ಆಗ ಶಾಖ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಅವರ ಕೈಯಲ್ಲಿ ಉಷ್ಣಮಾಪಕವಿಲ್ಲ, ಬೆರಳಿದೆ.

ಪಾಕ ನೋಡುವ ಒಬ್ಬ ಹಿರಿಯರು ನನಗೆ ಮೊದಲ ದಿನಗಳಲ್ಲೇ ಹೇಳಿದರು: "ಈಗ ಬೇಡ ಸ್ವಾಮಿ, ಮಡ್ಡಿ ತೆಗೆಯುವ ತನಕ ಕೂತಿರಿ. ಆಮೇಲೆ ನಿಮಗೆ ಬೇಕಾದಷ್ಟು ಏಳುತ್ತದೆ. ಪಾಕ ಹತ್ತಿರ ಬಂದರೆ ನನ್ನನ್ನು ಮಾತನಾಡಿಸಬೇಡಿ." ನನ್ನ ವೇಳಾಪಟ್ಟಿ ಇಂದಿಗೂ ಅವರು ಹಾಕಿಕೊಟ್ಟದ್ದೇ. ಮಡ್ಡಿ ತೆಗೆದ ಮೇಲೆ, ಪಾಕ ಗಟ್ಟಿಯಾಗುವ ಮುನ್ನ: ಇದರ ನಡುವಿನ ಹೊತ್ತೇ ನನ್ನದು. ಬೆಲ್ಲದ ಬಣ್ಣದ ಬಗ್ಗೆಯೂ ಅವರಿಗೆ ಖಚಿತ ಅಭಿಪ್ರಾಯವಿತ್ತು. ಕೊಳ್ಳುವವರು ಹೊಳೆಯುವ ಹಳದಿಯನ್ನೇ ಕೇಳುವುದರಿಂದ ಬೆಲ್ಲಕ್ಕೆ ಆ ಬಣ್ಣ ಕೊಡುವ ರಾಸಾಯನಿಕ ಹೈಡ್ರೋಸ್ ಬಂತು, ಕಪ್ಪಗಿದ್ದರೂ ಒಳ್ಳೆಯ ಬೆಲ್ಲ ಹಿಂದೆ ಉಳಿಯಿತು ಎನ್ನುತ್ತಿದ್ದರು. ಬಣ್ಣವನ್ನು ಎಳೆದು ಎಳೆದು ಕಣ್ಣು ಕುಕ್ಕುವಂತೆ ಮಾಡಿದ ಭೂದೃಶ್ಯ ಚಿತ್ರಗಳನ್ನು ನೋಡಿದಾಗ ನನಗೆ ಆ ಮಾತು ನೆನಪಾಗುತ್ತದೆ.

ಇನ್ನು ಬೆಳಕು. ಹಬೆಯ ಹನಿ ತನ್ನ ಮೇಲೆ ಬಿದ್ದ ಬೆಳಕನ್ನು ಬಹುಪಾಲು ಮುಂದಕ್ಕೇ, ಬೆಳಕು ಹೋಗುತ್ತಿದ್ದ ದಿಕ್ಕಿಗೇ ಚದುರಿಸುತ್ತದೆ. ಹಿಂದಕ್ಕೆ ಬರುವುದು ಅಲ್ಪ. ಆದ್ದರಿಂದ ಬೆಳಕು ಹಬೆಯ ಹಿಂದಿರಬೇಕು, ನಾವು ಈಚೆ ಇರಬೇಕು, ಹಬೆಯ ಹಿನ್ನೆಲೆ ಕತ್ತಲಾಗಿರಬೇಕು. ಈ ಮೂರೂ ಕೂಡಿದರೆ ಹಬೆಗೆ ಮೈ ಬರುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹಾಕಿದರೆ ಕಣ್ಣೆದುರು ಒಂದು ಬೂದು ಗೋಡೆ ಎದ್ದು ನಿಲ್ಲುತ್ತದೆ, ಅಷ್ಟೇ. ನಾನು ಫ್ಲ್ಯಾಶ್ ಒಯ್ಯುವುದೇ ಇಲ್ಲ. ಪೂರ್ವಕ್ಕೆ ತೆರೆದ, ಪಶ್ಚಿಮಕ್ಕೆ ಗೋಡೆಯೋ ರಚ್ಚಿನ ಮೆದೆಯೋ ಇರುವ ಆಲೆಮನೆಗಳನ್ನು ಹುಡುಕಿಕೊಂಡಿದ್ದೇನೆ. ಕೊಪ್ಪರಿಗೆಯ ಪಶ್ಚಿಮಕ್ಕೆ ನಿಂತು ಸೂರ್ಯನ ಕಡೆಗೆ ನೋಡಿದರೆ ಹಿನ್ನೆಲೆಯೆಲ್ಲ ಬೆಳಕಾಗಿಬಿಡುತ್ತದೆ. ಹಾಗಾಗಿ ತುಸು ಪಕ್ಕಕ್ಕೆ ಸರಿದು, ಸೂರ್ಯ ಕಂಬದ ಹಿಂದೆ ಮರೆಯಾಗುವಂತೆ, ಹಬೆಯ ಹಿಂದೆ ಮಾಡಿನ ನೆರಳು ಬರುವಂತೆ ನಿಲ್ಲುತ್ತೇನೆ. ಬಿಸಿಲು ಏರಿ ಮಾಡಿನ ಮೇಲೆ ಹೋಗುವ ತನಕ ಮಾತ್ರ ಈ ಬೆಳಕು.

ಶಟರ್ ವೇಗದಲ್ಲಿ ನನ್ನ ಆಯ್ಕೆ ಬಹಳ ಕಾಲ ನೋಡಿ ಮಾಡಿದ್ದು. ಸೆಕೆಂಡಿನ 500ನೇ ಒಂದು ಭಾಗಕ್ಕೆ ಹೋದರೆ ಹಬೆ ಹರಿದ ಅರಳೆಯಂತೆ ತುಣುಕು ತುಣುಕಾಗಿ ನಿಲ್ಲುತ್ತದೆ. ಎರಡು ಮೂರು ಸೆಕೆಂಡು ತೆರೆದಿಟ್ಟರೆ ಎಲ್ಲವೂ ಕರಗಿ ಬರಿಯ ಬೆಳಗು, ಆಕಾರವೇ ಇಲ್ಲ. ನೀರನ್ನು ರೇಷ್ಮೆಯಂತೆ ನುಣುಪು ಮಾಡುವ ದೀರ್ಘ ಎಕ್ಸ್‌ಪೋಶರ್ ಈಚೆಗೆ ಎಲ್ಲರ ಕೈಗೂ ಬಂದಿದೆ. ಗಗನಚುಕ್ಕಿಯಾಗಲಿ ಬಲಮುರಿಯಾಗಲಿ ಒಂದೇ ತರಹ ಕಾಣುವಂತಾಗಿದೆ. ನೀರಿಗೆ, ಹಬೆಗೆ ಒಂದು ನಡಿಗೆ ಇರುತ್ತದೆ, ಅದು ಚಿತ್ರದಲ್ಲಿ ಉಳಿಯಬೇಕು ಎನ್ನುವುದು ನನ್ನ ಪಕ್ಷ. 8ನೇ ಒಂದು, 15ನೇ ಒಂದು ಭಾಗದ ಸುತ್ತ ನಾನು ನೆಲೆಸಿದ್ದೇನೆ. ಮಡ್ಡಿ ತೆಗೆಯುವವರು ಜಾಲರಿಯನ್ನು ಎತ್ತಿ ಅರೆ ಗಳಿಗೆ ನಿಲ್ಲಿಸುತ್ತಾರೆ, ರಸ ಸೋರಲಿ ಎಂದು. ಆ ನಿಲುವಿನಲ್ಲಿ ತೋಳು ಸ್ಥಿರ, ಹಬೆ ಮಾತ್ರ ಚಲಿಸುತ್ತದೆ. ಸರಣಿಯ ಒಳ್ಳೆಯ ಚಿತ್ರಗಳೆಲ್ಲ ಆ ಅರೆ ಗಳಿಗೆಯವು.

ಚಳಿಗಾಲದ ಬೆಳಗ್ಗೆ ಹೊರಗಿನ ತಂಪಿನಿಂದ ಒಳಗೆ ಕಾಲಿಟ್ಟರೆ ಲೆನ್ಸಿನ ಮೇಲೆ ನೀರು ಕೂರುತ್ತದೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗಿನ ಶಾಖಕ್ಕೆ ಹೊಂದಿಕೊಳ್ಳುವ ತನಕ ಬಿಡಿ. ಲೆನ್ಸ್ ಬದಲಿಸಲು ಹೋಗಬೇಡಿ, 50 ಮಿ.ಮೀ. ಒಂದು ಸಾಕು.

ಜನರ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆಲೆಮನೆಯವರ ಒಪ್ಪಿಗೆ ಬೇರೆ, ಕೆಲಸದವರ ಒಪ್ಪಿಗೆ ಬೇರೆ, ಎರಡೂ ಬೇಕು. ಉರಿ ಹಾಕುವವರಲ್ಲಿ, ಗಾಣ ನೋಡುವವರಲ್ಲಿ ಉತ್ತರ ಭಾರತದಿಂದ ಬಂದವರೂ ಇದ್ದಾರೆ. ಅವರಿಗೆ ಕನ್ನಡ ಬಾರದು ಎಂಬ ಕಾರಣಕ್ಕೆ ಕೇಳದೆ ತೆಗೆಯುವುದು ನನಗೆ ಸರಿಕಾಣುವುದಿಲ್ಲ. ಯಾರಿಗೂ ಹೀಗೆ ನಿಲ್ಲಿ, ಇನ್ನೊಮ್ಮೆ ಎತ್ತಿ ಎಂದು ಹೇಳುವುದಿಲ್ಲ. ನದಿ ದಡಗಳಲ್ಲಿ ಬೆಸ್ತರಿಗೆ ದುಡ್ಡು ಕೊಟ್ಟು ಬರಿದೇ ಬಲೆ ಬೀಸಿಸಿ ಸಾಲಾಗಿ ನಿಂತು ಚಿತ್ರ ತೆಗೆಯುವ ಪದ್ಧತಿ ಈಗ ಸಾಕಷ್ಟು ಬೆಳೆದಿದೆ. ಅದರಲ್ಲಿ ಬಲೆ ಸುಂದರವಾಗಿ ಅರಳುತ್ತದೆ, ನಿಜ. ಮೀನಿಗಾಗಿ ಎಸೆಯುವ ಬಲೆಯಲ್ಲಿ ಬೀಸುವವನ ಕಣ್ಣು ನೀರಿನ ಮೇಲಿರುತ್ತದೆ, ಆ ಕಣ್ಣು ಮಾತ್ರ ಅಲ್ಲಿ ಸಿಗುವುದಿಲ್ಲ. ಕೊಪ್ಪರಿಗೆಯ ಮುಂದೆ ನಿಂತವರ ಕಣ್ಣು ಪಾಕದ ಮೇಲಿರುವುದನ್ನೇ ನಾನು ಕಾಯುವುದು. ಮತ್ತೆ, ಬಿಸಿ ಪಾಕದ ಹತ್ತಿರ ನಮ್ಮ ಟ್ರೈಪಾಡ್ ಅವರ ಕಾಲಿಗೆ ತೊಡರಿದರೆ ಆಗುವ ಅನಾಹುತ ಸಣ್ಣದಲ್ಲ. ಕಂಬಕ್ಕೆ ಒರಗಿ, ಕ್ಯಾಮೆರಾವನ್ನು ಕಂಬಕ್ಕೇ ಒತ್ತಿ ಹಿಡಿದು ತೆಗೆಯುತ್ತೇನೆ.

ಈಗ ಕಾಗದಕ್ಕೆ ಬರುತ್ತೇನೆ. ಹಲದಣಕರರ ದೀಪದಲ್ಲಿ ಕಂಡ ಕಾಗದದ ಬಿಳಿ ನನ್ನ ಹಬೆಗೂ ಬೇಕಿತ್ತು. ಸಾಧಾರಣ ಫೋಟೊ ಕಾಗದದ ಬಿಳಿ ಒಂದು ಲೇಪದ ಬಿಳಿ, ಹೊಳಪಿನದು. ಸಯನೋಟೈಪ್‌ನಲ್ಲಿ ಹಾಗಿಲ್ಲ. ಕಾಗದಕ್ಕೆ ಕಬ್ಬಿಣದ ಲವಣ ಬಳಿದು, ಅದರ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡುತ್ತೇವೆ. ಬಿಸಿಲು ತಾಗಿದಲ್ಲಿ ಪ್ರಷ್ಯನ್ ನೀಲಿ ಹುಟ್ಟಿ ನಾರಿಗೆ ಅಂಟಿಕೊಳ್ಳುತ್ತದೆ, ತಾಗದ ಕಡೆ ಲವಣ ನೀರಿನಲ್ಲಿ ತೊಳೆದುಹೋಗಿ ಹತ್ತಿಯ ಕಾಗದ ಇದ್ದ ಹಾಗೆಯೇ ಉಳಿಯುತ್ತದೆ. ನನ್ನ ಚಿತ್ರಗಳಲ್ಲಿ ಹಬೆ ಇರುವ ಜಾಗದಲ್ಲಿ ಏನೂ ಇಲ್ಲ, ಬರಿಯ ಕಾಗದ. ಇದಕ್ಕಾಗಿಯೇ ಈ ವಿಧಾನ. ಅನ್ನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ 1843ರಿಂದಲೇ ಕಡಲಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಹೀಗೆ ಚಿತ್ರ ಮೂಡಿಸಿದ್ದರು. ಅಲ್ಲೂ ಪಾಚಿಯ ಆಕಾರವೆಂದರೆ ಉಳಿದ ಬಿಳಿಯೇ.

ಮಂಡ್ಯದವನಾದ ನನಗೆ ಈ ನೀಲಿಯ ಮೇಲೆ ಇನ್ನೊಂದು ಒಲವಿದೆ. ಎಂಜಿನಿಯರುಗಳು ತಮ್ಮ ನಕ್ಷೆಗಳಿಗೆ ನೀಲಿ ಪ್ರತಿ (ಬ್ಲೂಪ್ರಿಂಟ್) ತೆಗೆಯುತ್ತಿದ್ದುದು ದಶಕಗಳ ಕಾಲ ಇದೇ ರಾಸಾಯನಿಕದಿಂದ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಜಗತ್ತಿನಲ್ಲೆಲ್ಲ ಅದೇ ರೂಢಿ. ಕಟ್ಟೆಯಿಂದ ನಾಲೆ, ನಾಲೆಯಿಂದ ಕಬ್ಬು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ, ಅದರ ಜೊತೆಜೊತೆಗೇ ಊರೂರಿನ ಆಲೆಮನೆ. ಈ ಬಯಲಿನ ಹಸಿರು ನೀಲಿ ಹಾಳೆಗಳ ಕಾಲದಲ್ಲಿ ಹುಟ್ಟಿದ್ದು ಎಂದು ನೆನೆದಾಗ ಕೈಯಲ್ಲಿರುವ ಕಾಗದ ತೂಕವೆನಿಸುತ್ತದೆ.

ಮಾಡುವ ಕ್ರಮ ಕಠಿಣವಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಮಿ.ಲೀ. ನೀರಿಗೆ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ ಬೇರೆ 100 ಮಿ.ಲೀ. ನೀರಿಗೆ. ಬೇರೆ ಬೇರೆ ಕಂದು ಬಾಟಲಿಗಳಲ್ಲಿ ಇಟ್ಟು, ಬಳಿಯುವ ಹೊತ್ತಿಗೆ ಸಮಪಾಲು ಬೆರೆಸಬೇಕು. ಎರಡನೆಯದರ ಹೆಸರಿನಲ್ಲಿ ಸಯನೈಡ್ ಇದೆಯೆಂದು ಹೆದರುವವರಿದ್ದಾರೆ. ಅದರಲ್ಲಿ ಸಯನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಆದರೂ ಬಲವಾದ ಆಮ್ಲ ತಾಗಿಸಬಾರದು, ಕಾಯಿಸಬಾರದು, ಅಡುಗೆಮನೆಯ ಪಾತ್ರೆ ಬಳಸಬಾರದು, ಕೈಗವಸು ಬಿಡಬಾರದು. ಕುಂಚಕ್ಕೆ ಕಬ್ಬಿಣದ ಪಟ್ಟಿ ಇರಬಾರದು, ಇದ್ದರೆ ನೀಲಿ ಚುಕ್ಕೆಗಳು ಬೀಳುತ್ತವೆ. 300 ಜಿ.ಎಸ್.ಎಂ.ನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ಬಳಸುತ್ತೇನೆ, ತೊಳೆಯುವಾಗ ಹರಿಯುವುದಿಲ್ಲ. ಮಂದ ಹಳದಿ ಬಲ್ಬಿನ ಕೆಳಗೆ ಬಳಿದು, ಕತ್ತಲಲ್ಲಿ ಒಣಗಿಸಿ, ಅದೇ ದಿನ ಮುಗಿಸುತ್ತೇನೆ.

ನೆಗೆಟಿವ್ ಮಾತ್ರ ಇಂದಿನದು. ಚಿತ್ರವನ್ನು ಕಪ್ಪು ಬಿಳುಪಿಗೆ ತಂದು, ಕಪ್ಪನ್ನು ಬಿಳಿಯಾಗಿ ಬಿಳಿಯನ್ನು ಕಪ್ಪಾಗಿ ತಿರುಗಿಸಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್‌ನಲ್ಲಿ ಮುದ್ರಿಸುತ್ತೇನೆ. ಇಲ್ಲಿ ಒಂದು ಎಚ್ಚರ ಬೇಕು. ಸಯನೋಟೈಪ್ ಹಿಡಿಯಬಲ್ಲ ಛಾಯೆಗಳ ಹರವು ಚಿಕ್ಕದು. ಪರದೆಯ ಮೇಲೆ ಚೆಂದ ಕಂಡ ಚಿತ್ರವನ್ನು ಹಾಗೆಯೇ ಇಳಿಸಿದರೆ ಹಬೆಯ ಒಳಮಡಿಕೆಗಳೆಲ್ಲ ಒಂದೇ ಬಿಳಿಯಾಗುತ್ತವೆ, ನೆರಳೆಲ್ಲ ಒಂದೇ ನೀಲಿಯಾಗುತ್ತದೆ. ಬಿಳಿಯಿಂದ ಕಪ್ಪಿಗೆ ಮೆಟ್ಟಿಲು ಮೆಟ್ಟಿಲಾದ ಒಂದು ಪಟ್ಟಿಯನ್ನು ಮೊದಲು ಅದೇ ಕಾಗದದ ಮೇಲೆ ಮೂಡಿಸಿ, ಎಲ್ಲಿ ಮೆಟ್ಟಿಲುಗಳು ಒಂದಾಗುತ್ತವೆ ಎಂದು ನೋಡಿ, ಅದಕ್ಕೆ ತಕ್ಕಂತೆ ನೆಗೆಟಿವ್‌ನ ಛಾಯೆಗಳನ್ನು ಬಗ್ಗಿಸಬೇಕು. ಬೇಸರದ ಕೆಲಸ ಎನ್ನುತ್ತಾರೆ. ನನಗೆ ಇದು ಬಹಳ ಇಷ್ಟದ ಕೆಲಸ: ಹಬೆಯಲ್ಲಿ ಯಾವ ಭಾಗ ಪೂರ್ತಿ ಕಾಗದವಾಗಿ ಉಳಿಯಬೇಕು, ಯಾವ ಭಾಗಕ್ಕೆ ನೀಲಿಯ ಉಸಿರು ತಾಗಬೇಕು ಎನ್ನುವುದು ತೀರ್ಮಾನವಾಗುವುದು ಅಲ್ಲಿ. ಪೂರ್ತಿ ಬಿಳಿ ಎಲ್ಲೋ ಒಂದು ಕಡೆ ಇದ್ದರೆ ಸಾಕು.

ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಂಡ್ಯ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಗಾಜಿನ ಚೌಕಟ್ಟನ್ನು ತಾರಸಿಯ ಮೇಲೆ ಅಡ್ಡಲಾಗಿ ಮಲಗಿಸಿದರೆ ಆಯಿತು, ಹತ್ತು ನಿಮಿಷದ ಒಳಗೆ ಹೊರೆಯಷ್ಟು ಬೆಳಕು. ಡಿಸೆಂಬರಿನಲ್ಲಿ ಚೌಕಟ್ಟನ್ನು ದಕ್ಷಿಣಕ್ಕೆ ಓರೆ ಮಾಡಿ ಇನ್ನಷ್ಟು ಹೊತ್ತು ಬಿಡಬೇಕು. ಗಡಿಯಾರಕ್ಕಿಂತ ಕಾಗದದ ಅಂಚನ್ನು ನಂಬುತ್ತೇನೆ. ಹಳದಿಹಸಿರಾಗಿದ್ದ ಲೇಪ ಮೊದಲು ನೀಲಿಯಾಗಿ, ಆಮೇಲೆ ಕಂಚಿನ ಛಾಯೆಯ ಬೂದುಬಣ್ಣಕ್ಕೆ ತಿರುಗುತ್ತದೆ. ಗಾಢ ನೆರಳುಗಳು ಆ ಬೂದಿಗೆ ಬಂದ ಮೇಲೆಯೇ ಎತ್ತುವುದು.

ತೊಳೆಯುವ ನೀರಿನ ಮಾತನ್ನು ಹೇಳದೆ ಬಿಡುವಂತಿಲ್ಲ. ಪ್ರಷ್ಯನ್ ನೀಲಿಗೆ ಕ್ಷಾರ ಆಗದು. ನಮ್ಮ ಕಡೆಯ ಕೊಳವೆ ಬಾವಿಯ ನೀರು ಗಡಸು; ಅದರಲ್ಲೇ ತುಂಬ ಹೊತ್ತು ಬಿಟ್ಟರೆ ತೆಳು ಛಾಯೆಗಳು ಒಂದೊಂದಾಗಿ ಮಾಯವಾಗುತ್ತವೆ. ನಾನು ಹಿಡಿದಿಟ್ಟ ಮಳೆನೀರು ಬಳಸುತ್ತೇನೆ. ಅದಿಲ್ಲದಾಗ ಮೊದಲ ತೊಳೆತಕ್ಕೆ ಚಿಟಿಕೆಯಷ್ಟು ಸಿಟ್ರಿಕ್ ಆಮ್ಲ. ನೀರಿನಲ್ಲಿ ಹಳದಿ ಬರುವುದು ನಿಲ್ಲುವ ತನಕ ತೊಳೆದು ನೇತು ಹಾಕಿದರೆ ಒಂದು ದಿನದಲ್ಲಿ ನೀಲಿ ಪೂರ್ತಿ ಗಾಢವಾಗುತ್ತದೆ. ಚೌಕಟ್ಟು ಹಾಕಿಸುವವರಿಗೂ ಇದು ಗೊತ್ತಿರಬೇಕು: ಕ್ಷಾರ ಸೇರಿಸಿದ ರಟ್ಟನ್ನು ಈ ಚಿತ್ರಗಳ ಹಿಂದೆ ಇಡುವಂತಿಲ್ಲ. ಗೋಡೆಯ ಮೇಲೆ ಬೆಳಕಿಗೆ ತುಸು ಮಾಸಿದ ಚಿತ್ರವನ್ನು ಕೆಲಕಾಲ ಕತ್ತಲಲ್ಲಿ ಇಟ್ಟರೆ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ನನ್ನಿಂದ ಚಿತ್ರ ಕೊಂಡವರಿಗೆ ಇದನ್ನು ಹೇಳಿಯೇ ಕೊಡುತ್ತೇನೆ.

ಆದರೆ ಉರಿಯ ಮುಂದೆ ಕುಳಿತವರ ಚಿತ್ರಕ್ಕೆ ನೀಲಿ ಒಗ್ಗಲಿಲ್ಲ. ಹೊರಗಿನ ಮಂಜಿಗೆ, ಬೆಳಗಿನ ಹಬೆಗೆ ಅದು ಸರಿ. ಒಲೆಯ ಬಾಯಿಗೆ ತಂಪು ಬಣ್ಣ ಸುಳ್ಳೆನಿಸಿತು. ಇಲ್ಲಿ ನೆರವಿಗೆ ಬಂದದ್ದು ಚೊಗರು, ಅಂದರೆ ಅಡಿಕೆ ಬೇಯಿಸಿದಾಗ ಸಿಗುವ ಕೆಂಪು ಕಷಾಯ. ನೀಲಿ ಚಿತ್ರವನ್ನು ತೀರಾ ತೆಳುವಾದ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿದರೆ ನೀಲಿ ಅಳಿದು ಕಬ್ಬಿಣದ ಹಳದಿ ಮಾತ್ರ ಉಳಿಯುತ್ತದೆ. ಚೆನ್ನಾಗಿ ತೊಳೆದು ಟ್ಯಾನಿನ್ (ಒಗರಿನ ಅಂಶ) ಇರುವ ಕಷಾಯಕ್ಕೆ ಹಾಕಿದರೆ ಆ ಕಬ್ಬಿಣ ಟ್ಯಾನಿನ್ ಜೊತೆ ಕೂಡಿ ಕಪ್ಪುಗಂದಾಗುತ್ತದೆ. ಲೋಕದಲ್ಲಿ ಬಹುಪಾಲು ಜನ ಚಹಾ ಬಳಸುತ್ತಾರೆ. ನಾನು ಅಡಿಕೆ ಚೊಗರನ್ನೂ ಅಳಲೆಕಾಯಿಯನ್ನೂ ಬಳಸುತ್ತೇನೆ. ಅಳಲೆಕಾಯಿ ಮೈಸೂರಿನ ಗ್ರಂಧಿಗೆ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣ ಕೂಡಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ನನ್ನ ತಟ್ಟೆಯಲ್ಲಿ ಆಗುವುದೂ ಅದೇ ಕೂಡಿಕೆ.

ಚೊಗರು ಕೊಡುವ ಕಂದು ಬಹಳ ಸೊಗಸು, ಉರಿಯ ಬಿಸಿ ಅದರಲ್ಲಿದೆ. ಕಷ್ಟವೆಂದರೆ ಅದು ಕಾಗದವನ್ನೂ ಕೆಂಪಗೆ ಹಿಡಿಯುತ್ತದೆ, ನಾನು ಅಷ್ಟು ಜತನದಿಂದ ಉಳಿಸಿದ ಬಿಳಿಗೆ ಕಲೆ ಬರುತ್ತದೆ. ಅಳಲೆಕಾಯಿ ಅಷ್ಟು ಕಟುವಲ್ಲ, ಕಾಗದಕ್ಕೆ ತಿಳಿಯಾದ ಹಳದಿ ಛಾಯೆ ಕೊಟ್ಟು ನಿಲ್ಲುತ್ತದೆ. ನೆರಳುಗಳು ಕಂದಿಗಿಂತ ಕಪ್ಪಿನ ಕಡೆಗೆ ವಾಲುತ್ತವೆ. ಹಾಗಾಗಿ ಹಬೆಯೇ ಮುಖ್ಯವಾದ ಚಿತ್ರಗಳಿಗೆ ಅಳಲೆಕಾಯಿ, ಮನುಷ್ಯರ ಮೈ ಕೈ ಮುಖ್ಯವಾದವುಗಳಿಗೆ ಚೊಗರು ಎಂದು ಹಂಚಿಕೊಂಡಿದ್ದೇನೆ. ಒಂದು ಚಿತ್ರದಲ್ಲಿ ಉರಿ ಹಾಕುವವರ ಬೆನ್ನು ಇಡೀ ಹಾಳೆಯನ್ನು ತುಂಬಿದೆ, ಬೆವರಿನ ಮೇಲೆ ರಚ್ಚಿನ ಪುಡಿ ಅಂಟಿಕೊಂಡಿದೆ, ಹಬೆ ಮೇಲಿನ ಮೂಲೆಯಲ್ಲಿ ಒಂದಿಷ್ಟೇ. ಅದರಲ್ಲಿ ಚೊಗರಿನ ಕೆಂಪು ಕಾಗದಕ್ಕೆ ಹತ್ತಿದ್ದೇ ಒಳ್ಳೆಯದಾಯಿತು. ಬೆಳಕೆಲ್ಲ ಒಲೆಯಿಂದಲೇ ಬಂದಂತೆ ಕಾಣುತ್ತದೆ.

ಸಿದ್ಧವಾದ ಚಿತ್ರಗಳ ಒಂದೊಂದು ಪ್ರತಿಯನ್ನು ಅದರಲ್ಲಿರುವವರಿಗೆ ಕೊಡುವುದು ನನ್ನ ಪದ್ಧತಿ. ಪಾಕ ನೋಡುವ ಆ ಹಿರಿಯರಿಗೆ ಒಂದು ನೀಲಿ ಪ್ರತಿ ಕೊಟ್ಟಾಗ ಅವರು ತಮ್ಮ ಮುಖವನ್ನು ಹುಡುಕಲಿಲ್ಲ. ಹಬೆಯನ್ನೇ ನೋಡಿ, "ಇದು ಮಡ್ಡಿ ತೆಗೆದ ಮೇಲಿನದು, ಹಾಲು ಇನ್ನೂ ತೆಳು ಇದೆ" ಎಂದರು. ಆಮೇಲೆ ಮತ್ತೊಂದನ್ನು ಎತ್ತಿಕೊಂಡು, "ಇದರಲ್ಲಿ ಉರಿ ಕಡಿಮೆಯಾಗಿದೆ, ಯಾರು ಹಾಕುತ್ತಿದ್ದರು?" ಎಂದು ಪಕ್ಕದವರನ್ನು ಕೇಳಿದರು. ಪ್ರದರ್ಶನಗಳಲ್ಲಿ ಕೇಳಿದ ಯಾವ ಹೊಗಳಿಕೆಗಿಂತಲೂ ಈ ಓದು ನನಗೆ ದೊಡ್ಡದು. ಹಬೆಯ ಆಕಾರ ನಿಜವಾಗಿ ಉಳಿದಿದೆ ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಸದ್ಯ ಮಳೆಗಾಲಕ್ಕೆಂದು ಅತಿನೇರಳೆ ಎಲ್‌ಇಡಿ ಪಟ್ಟಿಗಳ ಒಂದು ಪೆಟ್ಟಿಗೆ ಕಟ್ಟಿಸುತ್ತಿದ್ದೇನೆ. ಮೋಡ ಕವಿದ ತಿಂಗಳುಗಳಲ್ಲಿ ಬಿಸಿಲು ನೆಚ್ಚಿ ಕೂರುವಂತಿಲ್ಲ, ಲೇಪ ಬಳಿದ ಕಾಗದವೂ ತೇವಕ್ಕೆ ಬೇಗ ಕೆಡುತ್ತದೆ. ಇದೇ ಹಂಗಾಮಿನಲ್ಲಿ ಸೂಲಂಗಿಯ ಚಿತ್ರಗಳನ್ನೂ ಶುರು ಮಾಡಿದ್ದೇನೆ: ಕೆಲವನ್ನು ಕ್ಯಾಮೆರಾದಿಂದ, ಕೆಲವನ್ನು ಆಟ್ಕಿನ್ಸ್ ಮಾಡಿದಂತೆ ಗರಿಯನ್ನೇ ಕಾಗದದ ಮೇಲಿಟ್ಟು. ಸೂಲಂಗಿಯ ಎಳೆ ಕೂದಲಿಗಿಂತ ತೆಳು, ಗಾಜಿನ ಕೆಳಗೆ ಒತ್ತಿದರೂ ಅಂಚಿನಲ್ಲಿ ಬಿಸಿಲು ನುಸುಳಿ ನೀಲಿ ಮಸುಕಾಗುತ್ತದೆ. ಗರಿಯನ್ನು ಹಿಂದಿನ ದಿನವೇ ಭಾರದ ಪುಸ್ತಕಗಳ ನಡುವೆ ಒತ್ತಿಟ್ಟು, ಏಪ್ರಿಲ್ ನೆತ್ತಿಯ ಬಿಸಿಲಿನಲ್ಲಿ ಮಾಡಿದರೆ ಎಳೆಗಳು ಬಿಡಿಬಿಡಿಯಾಗಿ ಬರುತ್ತವೆ ಎಂದು ಕಾಣುತ್ತಿದೆ. ಕಬ್ಬು ಕಡಿಯುವವರಿಗೆ ಗರಿಗಳನ್ನು ಎತ್ತಿಡಲು ಹೇಳಿದ್ದೇನೆ.